ಬೆಂಗಳೂರಿನ ಬೆಳವಣಿಗೆಯೂ ಸುತ್ತಣ ಗ್ರಾಮಗಳ ಜಮೀನೂ

ಬಿತ್ತನೆ, ಗೊಬ್ಬರ, ರಾಸುಗಳ ಪಾಲನೆ, ಮಳೆ ಬೆಳೆ ಮೊದಲಾದ ವಿಷಯಗಳನ್ನು ಕುರಿತು ಬರೆಯುವುದು ಕೃಷಿ ಇಲಾಖೆಯ ಪತ್ರಿಕೆಯಲ್ಲಿ ವಾಡಿಕೆಯಾಗಿದೆ. ಅಂಥ ಪತ್ರಿಕೆಯಲ್ಲಿ ನಗರದ ಮನೆಗಳ ವಿಷಯವೇತಕ್ಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಬೆಂಗಳೂರಿಗೆ ಇಪ್ಪತ್ತು ಮೈಲಿಗಳ ಒಳಗಿರುವ ಗ್ರಾಮಗಳ ಮುಖ್ಯಸ್ಥರು ಮಾತ್ರ ಈ ಪ್ರಶ್ನೆಯನ್ನು ಕೇಳಲಾರರು. ಆನೇಕಲ್, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ, ಮಾಗಡಿ ಈ ಸೀಮೆಗಳಲ್ಲಿ ರಾಗಿಯ ಹೊಲದ ಬದುವಿನ ಮೇಲೆ ನಿಂತು ಜನರು ಇಂದು ಎರಡು ಮಾತುಗಳನ್ನು ಆಡುತ್ತಾರೆ. ಈ ವರ್ಷ ಮಳೆ ಹೇಗೆ ಎಂಬುದೊಂದು. ಗುಂಟೆಗೆ ಬೆಲೆ ಎಷ್ಟು ಎಂಬುದು ಮತ್ತೊಂದು.

ಎರಡನೆಯ ಮಾತಿಗೆ ಉತ್ತರ ಹೇಳುವ ದಲ್ಲಾಳಿಗಳು ಬಹುಮಂದಿ ಇದ್ದಾರೆ. ಆದರೆ ಆ ಬೆಲೆಯು ಎಲ್ಲಿಂದ ಹುಟ್ಟಿತು, ಜಮೀನನ್ನು ಯಾವ ಮಾರ್ಗವಾಗಿ ಬಿಟ್ಟುಕೊಟ್ಟರೆ ಹಿಡುವಳಿದಾರನಿಗೂ ಊರಿಗೂ ಕೊಂಡವನಿಗೂ ಕ್ಷೇಮ, ಯಾವ ಮಾರ್ಗದಿಂದ ಮೂವರಿಗೂ ಹಾನಿ ಎಂಬುದನ್ನು ಸಾವಧಾನವಾಗಿ ತಿಳಿಸತಕ್ಕವರು ಅಪರೂಪ. ಆದಕಾರಣ ಈ ವಿಷಯವನ್ನು ಗ್ರಾಮದ ಮುಖಂಡರ ಮತ್ತು ಭೂಮಾಲೀಕರ ಆಲೋಚನೆಗೆ ಇಲ್ಲಿ ತರಲಾಗಿದೆ. ಜಮೀನನ್ನು ಮಾರಿರೆಂದಾಗಲಿ ಮಾರಬೇಡಿರೆಂದಾಗಲಿ ಹೇಳುವುದು ಈ ಲೇಖನದ ಉದ್ದೇಶವಲ್ಲ.

ನಗರವು ಬೆಳೆದುಬಂದ ಬಗೆ

೧೫೩೭ರಲ್ಲಿ ಕೆಂಪೇಗೌಡರು ಕಟ್ಟಿದ ಊರು ಕೋಟೆ ಪೇಟೆಗಳ ಮಿತಿಯಲ್ಲಿಯೇ ಬಹುಕಾಲ ಇದ್ದಿತು. ೧೮೯೦ರ ದಶಕದಲ್ಲಿ ಮಲ್ಲೇಶ್ವರ, ಬಸವನಗುಡಿ ಎಂಬ ಎರಡು ವಿಸ್ತರಣಗಳು ಗೊತ್ತುಮಾಡಲ್ಪಟ್ಟು, ೧೮೯೮ರ ಪ್ಲೇಗಿನ ತರುವಾಯ ತ್ವರೆಯಾಗಿ ಬೆಳೆದವು. ಇಕ್ಕಟ್ಟಾದ ಪೇಟೆಯಲ್ಲಿ ರೋಗವು ಹರಡಿದುದನ್ನು ಕಂಡಿದ್ದ ಜನರು, ನೇರವಾದ ಬೀದಿಗಳೂ ಗಾಳಿ ಬೆಳಕೂ ಇರುವ ಈ ಬಡಾವಣೆಗಳಿಗೆ ಹೋಗಲು ಮನಸ್ಸುಮಾಡಿದರು. ಮೊದಲು ಬೀದಿ ಚರಂಡಿಗಳನ್ನು ಗೊತ್ತುಮಾಡಿ ಆಮೇಲೆ ಮನೆ ಕಟ್ಟುವುದೆಂಬ ಕ್ರಮವು ನಮ್ಮ ನಾಡಿಗೆ ಹೊಸದಲ್ಲವೆಂಬುದಕ್ಕೆ ಇವು ನಿದರ್ಶನಗಳು. ೧೯೪೫ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ಆ ಬೋರ್ಡಿನ ಕೆಲಸವು ೧೯೭೬ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಬಂದಿತು.

ಈ ಮಧ್ಯೆ ನಗರದ ಜನಸಂಖ್ಯೆಯು ಏರಿದ ಬಗೆಯನ್ನು ಜನಗಣತಿಯ ಅಂಕಿಗಳಿಂದ ತಿಳಿಯಬಹುದು. ನಗರಕ್ಕೆ ಹೊಂದಿಕೊಂಡ ಪ್ರದೇಶಗಳೂ ಸೇರಿ ಸುಮಾರು ಲೆಕ್ಕ ಹೀಗಿದೆ:

೧೯೦೧ — ೧.೬ ಲಕ್ಷ
೧೯೪೧ — ೪.೧ ಲಕ್ಷ
೧೯೫೧ — ೭.೯ ಲಕ್ಷ
೧೯೭೧ — ೧೬.೫ ಲಕ್ಷ
೧೯೮೧ — ೨೯ ಲಕ್ಷ
೧೯೯೧ — ೪೧ ಲಕ್ಷ
೨೦೦೧ — ೫೭ ಲಕ್ಷ
೨೦೧೧ — ೮೫ ಲಕ್ಷ

ಮೊದಲ ನಲವತ್ತು ವರ್ಷಗಳಲ್ಲಿ ಎರಡೂವರೆ ಲಕ್ಷ ಹೆಚ್ಚಿದ ಊರು, ಕೊನೆಯ ಹತ್ತೇ ವರ್ಷಗಳಲ್ಲಿ ಇಪ್ಪತ್ತೆಂಟು ಲಕ್ಷ ಹೆಚ್ಚಿತು. ವಿಮಾನ ಕಾರ್ಖಾನೆ, ದೂರವಾಣಿ ಕಾರ್ಖಾನೆ, ಗಡಿಯಾರದ ಕಾರ್ಖಾನೆ ಮೊದಲಾದವು ಮೊದಲು ಜನರನ್ನು ಕರೆತಂದವು. ೧೯೮೦ರ ದಶಕದಿಂದೀಚೆಗೆ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಮೊದಲಾದ ಕಡೆಗಳ ಸಾಫ್ಟ್‌ವೇರ್ ಕಚೇರಿಗಳು ಕರೆತಂದವು. ೨೦೦೮ರಲ್ಲಿ ವಿಮಾನ ನಿಲ್ದಾಣವು ದೇವನಹಳ್ಳಿಯ ಬಳಿಗೆ ಹೋದಮೇಲೆ ಉತ್ತರ ದಿಕ್ಕಿನ ಜಮೀನಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ೨೦೦೭ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ೧೧೦ ಗ್ರಾಮಗಳನ್ನೂ ನಗರಕ್ಕೆ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಲಾಯಿತು; ೨೦೨೫ರಲ್ಲಿ ಅದರ ಬದಲಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದವು.

ಈ ಇತಿಹಾಸದಲ್ಲಿ ಗ್ರಾಮಸ್ಥರು ಗಮನಿಸಬೇಕಾದ ಅಂಶವೊಂದುಂಟು. ಯಡಿಯೂರು, ಮಾವಳ್ಳಿ, ದೊಮ್ಮಲೂರು, ಕೋರಮಂಗಲ, ಮತ್ತಿಕೆರೆ ಇವೆಲ್ಲವೂ ಒಂದು ಕಾಲದಲ್ಲಿ ಕೆರೆ ಕಟ್ಟೆಗಳುಳ್ಳ ಗ್ರಾಮಗಳೇ. ನಗರವು ಹಳ್ಳಿಯ ಹತ್ತಿರಕ್ಕೆ ಬಂದು ನಿಲ್ಲುವುದಿಲ್ಲ. ಹಳ್ಳಿಯನ್ನು ಸುತ್ತುವರಿದು ಮುಂದಕ್ಕೆ ಹೋಗುತ್ತದೆ. ಸುತ್ತಲೂ ವಿಶಾಲವಾದ ಬಡಾವಣೆಯಾಗಿ, ಹಳೆಯ ಗ್ರಾಮಠಾಣವು ಮಾತ್ರ ಇಕ್ಕಟ್ಟಾದ ಓಣಿಗಳೊಡನೆ ನಡುವೆ ಉಳಿದುಹೋದುದನ್ನು ಹಲವೆಡೆ ನೋಡಬಹುದು. ಹೊಲಗಳು ಹೋದಮೇಲೆ ಆ ಊರಿನವರಿಗೆ ವಿಸ್ತರಿಸಿಕೊಳ್ಳಲು ಒಂದು ಗುಂಟೆಯೂ ಉಳಿಯಲಿಲ್ಲ. ಮುಂದೆ ಬರತಕ್ಕ ಕಾಲಕ್ಕೆ ಸಿದ್ಧರಾಗದೆ ಇದ್ದುದರ ಫಲವಿದು.

ಮುಂದಿನ ಬೇಡಿಕೆ ಎಷ್ಟು?

೨೦೨೧ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಮುಂದಕ್ಕೆ ಹೋದುದರಿಂದ ಹಿಂದಿನ ಅಂಕಿಗಳಿಂದಲೇ ಅಂದಾಜುಮಾಡಬೇಕಾಗಿದೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ೨೦೦೧ರಲ್ಲಿ ೬೫ ಲಕ್ಷ ಚಿಲ್ಲರೆ ಇದ್ದದ್ದು ೨೦೧೧ರಲ್ಲಿ ೯೬ ಲಕ್ಷ ದಾಟಿತು. ಎಂದರೆ ವರ್ಷಕ್ಕೆ ಸರಾಸರಿ ಮೂರು ಲಕ್ಷ ಜನರು ಹೆಚ್ಚಿದರು. ಸಂಸಾರವೊಂದಕ್ಕೆ ನಾಲ್ಕು ಜನರೆಂದು ಹಿಡಿದರೆ, ವರ್ಷಕ್ಕೆ ಸುಮಾರು ೭೫,೦೦೦ ಮನೆಗಳು ಬೇಕಾದವು.

ಇದಕ್ಕೆ ಜಮೀನು ಎಷ್ಟು ಬೇಕು? ೩೦ ಅಡಿ ೪೦ ಅಡಿ ಅಳತೆಯ ನಿವೇಶನಗಳನ್ನು ಕ್ರಮವಾಗಿ ಮಾಡಿದರೆ, ಮುಂದೆ ವಿವರಿಸುವ ಮೇರೆಗೆ, ಎಕರೆಗೆ ಸುಮಾರು ೨೦ ನಿವೇಶನಗಳಾಗುತ್ತವೆ. ನಿವೇಶನಕ್ಕೆ ಒಂದೇ ಸಂಸಾರವಾದರೆ ವರ್ಷಕ್ಕೆ ೩,೭೫೦ ಎಕರೆ ಬೇಕು. ಒಂದರ ಮೇಲೊಂದು ಅಂತಸ್ತು ಕಟ್ಟಿ ಮೂರು ಸಂಸಾರಗಳು ಇರುವುದಾದರೆ ೧,೨೫೦ ಎಕರೆ ಸಾಕು. ನಾಡಪ್ರಭು ಕೆಂಪೇಗೌಡ ಬಡಾವಣೆಗೆಂದು ೨೦೦೮ರಲ್ಲಿ ಪ್ರಾಥಮಿಕ ಅಧಿಸೂಚನೆಯಾದ ಜಮೀನು ನಾಲ್ಕು ಸಾವಿರ ಎಕರೆಗೆ ಮೇಲ್ಪಟ್ಟು. ಅಷ್ಟು ದೊಡ್ಡ ಬಡಾವಣೆಯೂ ಮೊದಲನೆಯ ಲೆಕ್ಕದ ಮೇರೆಗೆ ಒಂದು ವರ್ಷದ ಬೇಡಿಕೆಗೆ ಮಾತ್ರ ಸಾಕಾಗುವಂಥದು. ಅದರಲ್ಲಿ ಮೊದಲ ೫,೦೦೦ ನಿವೇಶನಗಳ ಹಂಚಿಕೆ ನಡೆದದ್ದು ೨೦೧೬ರಲ್ಲಿ. ಬೇಡಿಕೆಯು ವರ್ಷವರ್ಷವೂ ಬರುತ್ತದೆ. ಕ್ರಮವಾದ ನಿವೇಶನಗಳು ಎಂಟು ಹತ್ತು ವರ್ಷಗಳಿಗೊಮ್ಮೆ ಬರುತ್ತವೆ. ಈ ಅಂತರದಲ್ಲಿ ಜನರು ಸುಮ್ಮನೆ ಕಾಯುವುದಿಲ್ಲ. ಸಿಕ್ಕಿದ ಕಡೆ ಸಿಕ್ಕಿದ ಬಗೆಯಲ್ಲಿ ಜಾಗವನ್ನು ಕೊಳ್ಳುತ್ತಾರೆ.

ಹಾಗೆಂದು ಪ್ರತಿಯೊಂದು ಹೊಲಕ್ಕೂ ನಾಳೆಯೇ ಮನೆ ಬರುವುದೆಂದು ಭಾವಿಸಬಾರದು. ಮನೆಗಿರುವ ಬೇಡಿಕೆ ಬೇರೆ, ನಿವೇಶನಕ್ಕಿರುವ ಬೇಡಿಕೆ ಬೇರೆ. ಹಣವುಳ್ಳವರು ಬೆಲೆ ಏರಲೆಂದು ನಿವೇಶನಗಳನ್ನು ಕೊಂಡು ಹಾಗೆಯೇ ಬಿಡುವುದುಂಟು. ಕಲ್ಲು ನೆಟ್ಟು, ಕಮಾನು ಕಟ್ಟಿ, ಹದಿನೈದು ವರ್ಷಗಳಾದರೂ ಹತ್ತು ಮನೆಗಳೂ ಏಳದೆ ಪಾರ್ಥೇನಿಯಂ ಬೆಳೆದಿರುವ ಬಡಾವಣೆಗಳನ್ನು ವಾಚಕರೇ ಕಂಡಿರಬಹುದು. ಅಲ್ಲಿ ರಾಗಿಯೂ ಹೋಯಿತು, ಮನೆಯೂ ಬರಲಿಲ್ಲ. ೨೦೨೦ರಲ್ಲಿ ಭೂಸುಧಾರಣಾ ಕಾಯಿದೆಯ ೭೯-ಎ, ೭೯-ಬಿ ಕಲಮುಗಳು ರದ್ದಾದಮೇಲೆ ವ್ಯವಸಾಯಗಾರರಲ್ಲದವರೂ ವ್ಯವಸಾಯದ ಜಮೀನನ್ನು ಕೊಳ್ಳಬಹುದಾಗಿರುವುದರಿಂದ, ಕೇವಲ ಕೊಳ್ಳುವವರ ಸಂಖ್ಯೆಯನ್ನು ನೋಡಿ ಮನೆಗಳ ಬೇಡಿಕೆಯನ್ನು ಅಳೆಯುವುದು ತಪ್ಪಾಗುತ್ತದೆ.

ಒಂದು ಎಕರೆಯ ಲೆಕ್ಕ

ಎಕರೆಗೆ ೪೦ ಗುಂಟೆ. ಗುಂಟೆಗೆ ೧,೦೮೯ ಚದರಡಿ. ಎಕರೆಗೆ ೪೩,೫೬೦ ಚದರಡಿ. ಇದನ್ನು ಬಡಾವಣೆ ಮಾಡುವಾಗ ಪೂರ್ತಿಯಾಗಿ ಮಾರಲು ಬರುವುದಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯ ಮೇರೆಗೆ, ಪ್ರಾಧಿಕಾರವು ಮಾಡುವ ಬಡಾವಣೆಯಲ್ಲಿ ಉದ್ಯಾನ ಮತ್ತು ಆಟದ ಬಯಲುಗಳಿಗೆ ನೂರಕ್ಕೆ ೧೫ರಷ್ಟನ್ನೂ, ಶಾಲೆ ಆಸ್ಪತ್ರೆ ಮೊದಲಾದ ನಾಗರಿಕ ಸೌಕರ್ಯಗಳಿಗೆ ನೂರಕ್ಕೆ ೧೦ರಷ್ಟನ್ನೂ ಬಿಡತಕ್ಕದ್ದು. ರಸ್ತೆಗಳು ಬೇರೆ. ಇವೆಲ್ಲ ಕಳೆದು ನೂರಕ್ಕೆ ೫೫ರಷ್ಟು ಉಳಿದರೆ ನಿವೇಶನಗಳಿಗೆ ದೊರೆಯುವುದು ೨೩,೯೫೮ ಚದರಡಿ. ೩೦ x ೪೦ ಅಳತೆಯಲ್ಲಿ ಇದು ೧೯ ಅಥವಾ ೨೦ ನಿವೇಶನ. ಪ್ರಾಧಿಕಾರವು ಹಣದ ಬದಲು ಅಭಿವೃದ್ಧಿಯಾದ ಜಾಗದಲ್ಲಿ ನೂರಕ್ಕೆ ೪೦ರಷ್ಟನ್ನು ಮಾಲೀಕನಿಗೆ ಕೊಡುವ ಏರ್ಪಾಡಿನಲ್ಲಿ, ಎಕರೆಗೆ ೯,೫೮೩ ಚದರಡಿ ಎಂದು ಕೇಳಿಬರುವ ಅಂಕಿಯು ಈ ೨೩,೯೫೮ರಲ್ಲಿ ನೂರಕ್ಕೆ ೪೦ರ ಭಾಗವೇ. ಇದು ಮೂಲ ಎಕರೆಯ ನೂರಕ್ಕೆ ೨೨ರಷ್ಟು ಮಾತ್ರ ಎಂಬುದನ್ನು ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವ ಮುಂಚೆಯೇ ಅರಿತಿರುವುದು ಯುಕ್ತ.

ರಸ್ತೆ, ಉದ್ಯಾನಗಳಿಗೆ ಹೋದ ೪೫ ಭಾಗವು ನಷ್ಟವೆಂದು ಅನೇಕರು ಎಣಿಸುತ್ತಾರೆ. ಅದು ಸರಿಯಲ್ಲ. ಉಳಿದ ೫೫ ಭಾಗಕ್ಕೆ ಬೆಲೆ ಬರುವುದು ಆ ೪೫ ಭಾಗದಿಂದಲೇ. ನಗರಕ್ಕೆ ಕೊರತೆಯಾಗಿರುವುದು ಬರಿಯ ನೆಲವಲ್ಲ. ದಾರಿ, ನೀರು, ಚರಂಡಿ, ನಿರ್ವಿವಾದವಾದ ದಾಖಲೆ ಈ ನಾಲ್ಕೂ ಕೂಡಿದ ನೆಲ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಹೊಲವು ಹೊಲವಾಗಿ ಉಳಿಯದೆ, ನಿವೇಶನವೂ ಆಗದೆ ಕೆಡುತ್ತದೆ.

ಜಮೀನು ಕೈಬಿಡುವ ಮೂರು ಮಾರ್ಗಗಳು

ಮೊದಲನೆಯದು ಭೂಸ್ವಾಧೀನ. ಪ್ರಾಧಿಕಾರವು ಯೋಜನೆಯನ್ನು ಮಾಡಿ ಕಾಯಿದೆಯ ೧೭ನೆಯ ಕಲಮಿನ ಮೇರೆಗೆ ಪ್ರಾಥಮಿಕ ಅಧಿಸೂಚನೆ ಹೊರಡಿಸುತ್ತದೆ. ತಕರಾರು ಹೇಳಿಕೊಳ್ಳಲು ೩೦ ದಿವಸಗಳ ವಾಯಿದೆ ಇರುತ್ತದೆ. ಬಳಿಕ ೧೯ನೆಯ ಕಲಮಿನ ಮೇರೆಗೆ ಅಂತಿಮ ಅಧಿಸೂಚನೆ. ಅರ್ಕಾವತಿ ಬಡಾವಣೆಗೆ ೨೦೦೩ರಲ್ಲಿ ೧೬ ಗ್ರಾಮಗಳ ೩,೩೩೯ ಎಕರೆಗೆ ಪ್ರಾಥಮಿಕ ಅಧಿಸೂಚನೆಯೂ, ೨೦೦೪ರಲ್ಲಿ ೨,೭೫೦ ಎಕರೆಗೆ ಅಂತಿಮ ಅಧಿಸೂಚನೆಯೂ ಆದವು; ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ ೨೦೧೦ರಲ್ಲಿ ತೀರ್ಪಾಯಿತು. ಶಿವರಾಮ ಕಾರಂತ ಬಡಾವಣೆಗೆ ೨೦೦೮ರ ಕೊನೆಯಲ್ಲಿ ೧೭ ಗ್ರಾಮಗಳ ೩,೫೪೬ ಎಕರೆಗೆ ಪ್ರಾಥಮಿಕ ಅಧಿಸೂಚನೆಯಾಗಿ, ಅಂತಿಮ ಅಧಿಸೂಚನೆ ೨೦೧೮ರಲ್ಲಿ ಬಂದಿತು. ಈ ಹತ್ತು ವರ್ಷಗಳಲ್ಲಿ ಅಲ್ಲಿನ ರೈತನು ಬೋರ್‌ವೆಲ್ ಕೊರೆಯಲು ಹಿಂಜರಿದನು. ತೆಂಗು ಹಾಕಲು ಹಿಂಜರಿದನು. ಆ ಮಧ್ಯೆ ಎದ್ದ ಮನೆಗಳ ವಿಚಾರಣೆಗೆ ಸುಪ್ರೀಂ ಕೋರ್ಟು ಒಂದು ಸಮಿತಿಯನ್ನೇ ನೇಮಿಸಬೇಕಾಯಿತು.

೨೦೧೩ರ ಭೂಸ್ವಾಧೀನ ಕಾಯಿದೆಯ ಮೇರೆಗೆ ಹೆಚ್ಚಿನ ಪರಿಹಾರ ಸಿಕ್ಕುವುದೆಂದು ನಂಬಿರುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಪ್ರಾಧಿಕಾರವು ತನ್ನ ಕಾಯಿದೆಯಂತೆ ಮಾಡುವ ಸ್ವಾಧೀನಗಳಿಗೆ ಆ ಹೊಸ ಕಾಯಿದೆಯು ಅನ್ವಯಿಸುವುದಿಲ್ಲವೆಂದು ೨೦೨೨ನೆಯ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಯಾವ ಸಂಸ್ಥೆಯು ಯಾವ ಕಾಯಿದೆಯಂತೆ ಜಮೀನನ್ನು ಕೇಳುತ್ತಿದೆ ಎಂಬುದೇ ಗ್ರಾಮಸ್ಥರು ಕೇಳಬೇಕಾದ ಮೊದಲ ಪ್ರಶ್ನೆ. ತಕರಾರನ್ನು ಒಬ್ಬೊಬ್ಬರಾಗಿ ಕೊಡುವುದಕ್ಕಿಂತ ಗ್ರಾಮವೆಲ್ಲ ಕೂಡಿ ವಾಯಿದೆಯೊಳಗೆ ಕೊಡುವುದು ಬಲವಾದದ್ದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ೧೩ ಗ್ರಾಮಗಳವರು ಮೂರು ವರ್ಷಗಳಿಗೂ ಮಿಗಿಲಾಗಿ ಒಟ್ಟಾಗಿ ನಿಂತುದರಿಂದ, ಕೈಗಾರಿಕೆಗೆಂದು ಗೊತ್ತುಮಾಡಿದ್ದ ೧,೭೭೭ ಎಕರೆಯ ಸ್ವಾಧೀನವನ್ನು ೨೦೨೫ನೆಯ ಜುಲೈನಲ್ಲಿ ಸರ್ಕಾರವು ಕೈಬಿಟ್ಟಿತು. ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ಪಡೆಯುವುದಾಗಿ ತಿಳಿಸಿತು.

ಎರಡನೆಯದು ಕ್ರಮಬದ್ಧವಾದ ಖಾಸಗಿ ಬಡಾವಣೆ. ೧೯೬೪ರ ಭೂಕಂದಾಯ ಕಾಯಿದೆಯ ೯೫ನೆಯ ಕಲಮಿನ ಮೇರೆಗೆ ವ್ಯವಸಾಯದ ಜಮೀನನ್ನು ವಾಸದ ಉಪಯೋಗಕ್ಕೆ ಪರಿವರ್ತನೆ ಮಾಡಿಸಿ, ಯೋಜನಾ ಪ್ರಾಧಿಕಾರದಿಂದ ನಕ್ಷೆಗೆ ಮಂಜೂರಾತಿ ಪಡೆದು, ರಸ್ತೆ ಚರಂಡಿಗಳನ್ನು ಮಾಡಿ ನಿವೇಶನಗಳನ್ನು ಮಾರುವುದು. ೨೦೧೬ರ ರಿಯಲ್ ಎಸ್ಟೇಟ್ ಕಾಯಿದೆಯ ಮೇರೆಗೆ ೫೦೦ ಚದರ ಮೀಟರಿಗೆ, ಎಂದರೆ ಸುಮಾರು ೫ ಗುಂಟೆಗೆ, ಮೇಲ್ಪಟ್ಟ ಬಡಾವಣೆಯನ್ನು ರೇರಾದಲ್ಲಿ ನೋಂದಾಯಿಸದೆ ಮಾರಾಟದ ಪ್ರಕಟಣೆಯನ್ನೂ ಮಾಡತಕ್ಕದ್ದಲ್ಲ.

ಮೂರನೆಯದು, ಇಂದು ಅತಿಯಾಗಿ ಹಬ್ಬಿರುವ ರೆವಿನ್ಯೂ ನಿವೇಶನದ ಮಾರ್ಗ. ಪರಿವರ್ತನೆಯಿಲ್ಲದೆ, ನಕ್ಷೆಯಿಲ್ಲದೆ, ಹೊಲಕ್ಕೆ ಸುಣ್ಣದ ಗೆರೆ ಹಾಕಿ ಗುಂಟೆ ಲೆಕ್ಕದಲ್ಲಿ ಮಾರುವುದು.

ಮೂರನೆಯ ಮಾರ್ಗದ ಫಲ

ಈ ಮಾರ್ಗವನ್ನು ಹಿಡಿಯುವ ಹಿಡುವಳಿದಾರನ ಯೋಚನೆ ಹೀಗಿರುತ್ತದೆ: ಪಾರ್ಕಿಗೆ, ಶಾಲೆಗೆ ಏತಕ್ಕೆ ಬಿಡಬೇಕು? ಎಕರೆಯನ್ನು ಬಿಗಿಯಾಗಿ ಹಂಚಿದರೆ, ಹದಿನೈದು ಅಡಿಯ ಓಣಿ ಬಿಟ್ಟರೂ ಇಪ್ಪತ್ತರ ಬದಲು ಇಪ್ಪತ್ತೆಂಟು ನಿವೇಶನ ಮಾಡಬಹುದು. ಲೆಕ್ಕವು ಮೇಲುನೋಟಕ್ಕೆ ಸರಿಯೇ. ಆದರೆ ಅಂಥ ನಿವೇಶನಕ್ಕೆ ಕ್ರಮವಾದ ಖಾತೆ ಆಗುವುದಿಲ್ಲ. ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಕಟ್ಟುವ ಪರವಾನಗಿ ಸಿಕ್ಕುವುದಿಲ್ಲ. ಆದಕಾರಣ ಕೊಳ್ಳುವವನು ಕಡಿಮೆ ಬೆಲೆಯನ್ನೇ ಕೊಡುತ್ತಾನೆ. ಮಧ್ಯೆ ದಲ್ಲಾಳಿಯು ಗುಂಟೆಯ ದರದಲ್ಲಿ ಕೊಂಡು ಚದರಡಿಯ ದರದಲ್ಲಿ ಮಾರಿ, ಹೆಚ್ಚಿನ ಲಾಭವನ್ನು ತಾನೇ ತೆಗೆದುಕೊಂಡು ಹೋಗುತ್ತಾನೆ. ಊರಿನಲ್ಲಿ ಉಳಿಯುವವನು ರೈತ. ವ್ಯಾಜ್ಯ ಬಂದರೆ ಕೋರ್ಟಿನ ನೋಟೀಸು ಬರುವುದೂ ಅವನ ಹೆಸರಿಗೇ.

ಕೊಂಡವರು ಯಾರು? ಗಾರ್ಮೆಂಟ್ಸ್ ಕೆಲಸದ ಹೆಂಗಸರು, ಆಟೋ ನಡೆಸುವವರು, ಗಾರೆ ಕೆಲಸದವರು, ಬೇರೆ ಜಿಲ್ಲೆಗಳಿಂದ ಬಂದ ಬಡ ಸಂಸಾರಸ್ಥರು. ಜೀವಮಾನದ ಉಳಿತಾಯವನ್ನು ಒಂದು ಗುಂಟೆಗೆ ಸುರಿದಿರುತ್ತಾರೆ. ಕ್ರಮಬದ್ಧವಾದ ನಿವೇಶನವು ಅವರ ಕೈಗೆ ಎಟುಕದುದರಿಂದಲೇ ಇದಕ್ಕೆ ಬಂದರೆಂಬುದನ್ನು ಮರೆಯಬಾರದು. ಅವರ ಬೀದಿಗೆ ಬೆಂಕಿ ಆರಿಸುವ ವಾಹನ ತಿರುಗುವುದಿಲ್ಲ. ಮಳೆಗಾಲದಲ್ಲಿ ಆಂಬುಲೆನ್ಸ್ ಬಾರದು. ಚರಂಡಿಯಿಲ್ಲದೆ ಗುಂಡಿಗಳಲ್ಲಿ ಇಂಗುವ ಹೊಲಸು ನೀರು, ಸುತ್ತಲಿನ ಬೋರ್‌ವೆಲ್‌ಗಳನ್ನು ಸೇರುತ್ತದೆ. ಆ ನೀರನ್ನು ಕುಡಿಯುವವರಲ್ಲಿ ಜಮೀನನ್ನು ಮಾರಿದವನ ಮಕ್ಕಳೂ ಸೇರಿರುತ್ತಾರೆ.

ಇದಕ್ಕೆ ಪರಿಹಾರವಿಲ್ಲವೇ? ಇದೆ. ೨೦ ಅಡಿ ೩೦ ಅಡಿಯ ಸಣ್ಣ ನಿವೇಶನಗಳನ್ನು ಪ್ರಾಧಿಕಾರದ ಬಡಾವಣೆಗಳಲ್ಲಿಯೂ ಮಾಡಿರುವುದುಂಟು. ಮೇಲೆ ಹೇಳಿದ ೨೩,೯೫೮ ಚದರಡಿಯಲ್ಲಿ ೬೦೦ ಚದರಡಿಯಂತೆ ೩೯ ನಿವೇಶನಗಳಾಗುತ್ತವೆ. ಅಕ್ರಮವಾಗಿ ಮಾಡುವ ೨೮ಕ್ಕಿಂತ ಕ್ರಮವಾಗಿ ಮಾಡುವ ೩೯ ಹೆಚ್ಚಲ್ಲವೇ? ಬಡವನಿಗೂ ಕೈಗೆಟುಕುತ್ತದೆ, ರಸ್ತೆಯೂ ಇರುತ್ತದೆ, ಮಾರಿದವನಿಗೂ ನಿಶ್ಚಿಂತೆ.

ಒಂದೆರಡು ಎಕರೆಯ ಸಣ್ಣ ಹಿಡುವಳಿದಾರನು ಒಬ್ಬನೇ ಇದನ್ನು ಮಾಡಲಾರನೆಂಬುದು ನಿಜ. ಗ್ರಾಮದ ಮುಖಂಡರ ಕೆಲಸವು ಇಲ್ಲಿಯೇ ಆರಂಭವಾಗುವುದು. ಒಂದಕ್ಕೊಂದು ಹೊಂದಿಕೊಂಡ ಸರ್ವೆ ನಂಬರುಗಳ ಇಪ್ಪತ್ತು ಮೂವತ್ತು ಎಕರೆಯ ಮಾಲೀಕರನ್ನು ಒಂದೆಡೆ ಕೂಡಿಸಿ, ರಸ್ತೆಗೆ ಯಾರ ಜಮೀನು ಎಷ್ಟು ಹೋಗುವುದೋ ಅದಕ್ಕೆ ತಕ್ಕಂತೆ ನಿವೇಶನಗಳನ್ನು ಹಂಚಿಕೊಳ್ಳುವ ಕರಾರನ್ನು ಬರೆಯಿಸಿದರೆ, ಸಣ್ಣವನಿಗೂ ದೊಡ್ಡವನಷ್ಟೇ ಬೆಲೆ ದೊರೆಯುತ್ತದೆ. ಬಡಾವಣೆ ಮಾಡುವ ಕಂಪೆನಿಯೊಡನೆ ಜಂಟಿ ಅಭಿವೃದ್ಧಿಯ ಕರಾರು ಮಾಡಿಕೊಳ್ಳುವುದಾದರೆ ಪಾಲು, ಕಾಲಮಿತಿ, ತಪ್ಪಿದರೆ ಜಮೀನು ಹಿಂದಕ್ಕೆ ಬರುವ ಷರತ್ತು ಈ ಮೂರನ್ನೂ ಸ್ಪಷ್ಟವಾಗಿ ಬರೆಯಿಸಬೇಕು. ಮಾರುವ ಅಧಿಕಾರವುಳ್ಳ ಜನರಲ್ ಪವರ್ ಆಫ್ ಅಟಾರ್ನಿಯನ್ನು ವಕೀಲರಿಗೆ ತೋರಿಸದೆ ಬರೆದುಕೊಡಬಾರದು. ಅಂಥ ಪತ್ರದಿಂದ ಮಾತ್ರವೇ ಮಾಲಿಕತ್ವ ವರ್ಗವಾಗುವುದಿಲ್ಲವೆಂದು ೨೦೧೧ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ; ಆದರೂ ಅದರಿಂದ ಹುಟ್ಟಿದ ವ್ಯಾಜ್ಯಗಳಿಗೆ ಕೊನೆಯಿಲ್ಲ.

ನೀರಿನ ವಿಚಾರ

ನಿವೇಶನದ ನಾಲ್ಕು ಅಂಗಗಳಲ್ಲಿ ಹಣ ಕೊಟ್ಟರೂ ಸುಲಭವಾಗಿ ದೊರೆಯದಿರುವುದು ನೀರು. ಎಕರೆಯಲ್ಲಿ ೪೦ ಸಂಸಾರಗಳು ನೆಲಸಿದುವೆಂದು ಇಟ್ಟುಕೊಳ್ಳೋಣ. ಸಂಸಾರಕ್ಕೆ ನಾಲ್ವರು, ತಲೆಗೆ ದಿನಕ್ಕೆ ೧೩೫ ಲೀಟರ್. ದಿನಕ್ಕೆ ೨೧,೬೦೦ ಲೀಟರ್. ವರ್ಷಕ್ಕೆ ಸುಮಾರು ೭೯ ಲಕ್ಷ ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೯೭ ಸೆಂಟಿಮೀಟರ್. ಒಂದು ಎಕರೆಯ ಮೇಲೆ ಬೀಳುವ ಮಳೆಯ ಒಂದು ತೊಟ್ಟೂ ಪೋಲಾಗದಂತೆ ಹಿಡಿದರೂ ೩೯ ಲಕ್ಷ ಲೀಟರ್ ಆಗುತ್ತದೆ. ಎಂದರೆ ಬೇಕಾದುದರಲ್ಲಿ ಅರ್ಧ. ಅದೇ ಎಕರೆಯಲ್ಲಿ ರಾಗಿಯು ಮೇಲೆ ಬಿದ್ದ ಮಳೆಯಿಂದಲೇ ಬೆಳೆಯುತ್ತಿತ್ತು. ಹೊಲವು ಮನೆಗಳಾದ ದಿವಸದಿಂದ ಆ ನೆಲವು ಬೇರೆಯವರ ನೀರಿಗೆ ಕೈಯೊಡ್ಡತೊಡಗುತ್ತದೆ.

ನಗರಕ್ಕೆ ಕಾವೇರಿಯ ನೀರು ಸುಮಾರು ೧೦೦ ಕಿಲೋಮೀಟರ್ ದೂರದಿಂದ, ಸುಮಾರು ೫೦೦ ಮೀಟರ್ ಎತ್ತರಕ್ಕೆ ಪಂಪುಗಳಿಂದ ಏರಿ ಬರಬೇಕಾಗಿದೆ. ೨೦೦೭ರಲ್ಲಿ ನಗರಕ್ಕೆ ಸೇರಿದ ೧೧೦ ಗ್ರಾಮಗಳಿಗಾಗಿ ದಿನಕ್ಕೆ ೭೭.೫ ಕೋಟಿ ಲೀಟರಿನ ಕಾವೇರಿ ಐದನೆಯ ಹಂತವು ಉದ್ಘಾಟನೆಯಾದದ್ದು ೨೦೨೪ನೆಯ ಅಕ್ಟೋಬರಿನಲ್ಲಿ. ಹದಿನೇಳು ವರ್ಷಗಳ ಕಾಲ ಅಲ್ಲಿನವರು ಬೋರ್‌ವೆಲ್ಲನ್ನೂ ಟ್ಯಾಂಕರನ್ನೂ ನಂಬಿಕೊಂಡಿದ್ದರು. ೨೦೨೪ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿಹೋಗಿ ಪಟ್ಟ ಕಷ್ಟವು ಎಲ್ಲರಿಗೂ ತಿಳಿದಿದೆ. ನಗರದ ಅಂಚಿನ ಆಚೆ ಇಂದು ಗೆರೆ ಎಳೆಯಲ್ಪಡುತ್ತಿರುವ ಬಡಾವಣೆಗಳು ಆ ೧೧೦ ಗ್ರಾಮಗಳಿಗಿಂತಲೂ ದೂರದಲ್ಲಿವೆ. ಆದಕಾರಣ ನೀರಿನ ಮೂಲವನ್ನು ಕೇಳದೆ ಬಡಾವಣೆಗೆ ಒಪ್ಪಿಗೆ ಕೊಡುವ ಪಂಚಾಯಿತಿಯು ತನ್ನ ಊರಿನ ಕುಡಿಯುವ ನೀರನ್ನೇ ಪಣಕ್ಕೆ ಇಟ್ಟಂತಾಗುತ್ತದೆ.

ಕೆರೆ, ರಾಜಕಾಲುವೆ, ಗೋಮಾಳ

ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಯ ಹೆಸರು ಹೋದರೂ ನೀರಿಗೆ ದಾರಿ ಮರೆಯುವುದಿಲ್ಲ. ೨೦೨೨ನೆಯ ಸೆಪ್ಟೆಂಬರಿನ ಮಳೆಯಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಕರೆತರಬೇಕಾಯಿತು. ಕೆರೆಯಿಂದ ಕೆರೆಗೆ ಕೋಡಿಯ ನೀರು ಹರಿಯುತ್ತಿದ್ದ ಕಾಲುವೆಗಳನ್ನು ಒತ್ತಿ ಕಟ್ಟಿದುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ೨೦೧೫ರ ಪರಿಷ್ಕೃತ ಮಹಾಯೋಜನೆಯಲ್ಲಿ ಕೆರೆಯ ಸುತ್ತ ೩೦ ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ ೫೦, ೨೫, ೧೫ ಮೀಟರ್ ಜಾಗ ಬಿಡಬೇಕೆಂದು ಗೊತ್ತುಮಾಡಲಾಗಿತ್ತು. ಈ ಅಂತರಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಪ್ರಚಲಿತ ನಿಯಮವನ್ನು ವಿಚಾರಿಸಿಕೊಳ್ಳತಕ್ಕದ್ದು.

ಯಾವ ಹಳ್ಳ ಯಾವ ಕಡೆ ಹರಿಯುತ್ತದೆಂಬುದನ್ನು ನಗರದಿಂದ ಬಂದ ಇಂಜಿನಿಯರಿಗಿಂತ ಊರಿನ ನೀರಗಂಟಿಯ ಮೊಮ್ಮಗನು ಚೆನ್ನಾಗಿ ಬಲ್ಲನು. ಆ ತಿಳಿವಳಿಕೆಯು ಹಿರಿಯರೊಡನೆ ಹೋಗಿಬಿಡುವ ಮುಂಚೆ, ಗ್ರಾಮದ ನಕ್ಷೆಯನ್ನು ತರಿಸಿ ಕೆರೆಯಂಗಳ, ಕಾಲುವೆ, ಖರಾಬು, ಗುಂಡುತೋಪು, ಸ್ಮಶಾನ, ಗೋಮಾಳ ಇವುಗಳಿಗೆ ಸರ್ವೆ ಮಾಡಿಸಿ ಹದ್ದುಬಸ್ತಿನ ಕಲ್ಲು ನೆಡಿಸುವುದು ಮುಖಂಡರ ಮೊದಲ ಕರ್ತವ್ಯ. ಬೆಲೆ ಏರಿದಮೇಲೆ ಈ ಕೆಲಸ ಸಾಗುವುದಿಲ್ಲ.

ದಾಖಲೆ ಮತ್ತು ಕುಟುಂಬದ ಪಾಲು

ಬೆಲೆ ಬಂದ ಜ಼ಮೀನು ವ್ಯಾಜ್ಯವನ್ನೂ ಕರೆತರುತ್ತದೆ. ತಾತನ ಹೆಸರಿನಲ್ಲಿಯೇ ಉಳಿದ ಪಹಣಿ, ಪೋಡಿಯಾಗದ ಸರ್ವೆ ನಂಬರು, ಬಾಯಿಮಾತಿನ ವಿಭಾಗ ಇವು ಮೂರೂ ಬಡವನನ್ನು ದಲ್ಲಾಳಿಯ ಕೈಗೆ ಒಪ್ಪಿಸುತ್ತವೆ. ಸರ್ವೆ ನಂಬರಿನ ಒಂದು ಭಾಗವನ್ನು ಮಾರಲು ೧೧-ಇ ನಕ್ಷೆ ಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ ೧೯೯೪ರಿಂದಲೂ, ದೇಶದಲ್ಲೆಲ್ಲ ೨೦೦೫ರಿಂದಲೂ ಸಮಪಾಲಿನ ಹಕ್ಕಿದೆ. ಮದುವೆಯಾಗಿ ಹೋದ ಮಗಳ ರುಜು ಇಲ್ಲದೆ ಆದ ಎಷ್ಟೋ ಕ್ರಯಪತ್ರಗಳು ಇಂದು ಕೋರ್ಟಿನಲ್ಲಿವೆ. ಅವಳ ಪಾಲನ್ನು ಮುಂದಾಗಿಯೇ ಕೊಡುವುದು ಧರ್ಮವೂ ಹೌದು, ಲಾಭವೂ ಹೌದು. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಮಂಜೂರಾದ ಜಮೀನನ್ನು ೧೯೭೮ರ ಕಾಯಿದೆಯ ಮೇರೆಗೆ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಲಾಗದು. ಹಾಗೆ ಕೊಂಡದ್ದು ನಿಲ್ಲುವುದಿಲ್ಲ.

ಬಂದ ಹಣ, ಉಳಿದ ಹೊಲ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆಯು ನಗರದ ಅಂಚಿನಲ್ಲಿ ದಿನದಿನವೂ ನಿಜವಾಗುತ್ತಿದೆ. ಪರಿಹಾರದ ಹಣದಿಂದ ಕಾರು ಬಂದಿತು, ಮದುವೆ ಅದ್ಧೂರಿಯಾಗಿ ನಡೆಯಿತು, ಐದಾರು ವರ್ಷಗಳಲ್ಲಿ ಮಗನು ತನ್ನ ಹೊಲವಿದ್ದ ಜಾಗದಲ್ಲಿಯೇ ಕಾವಲುಗಾರನಾದನು ಎಂಬ ಸಂಗತಿ ಯಾವ ಗ್ರಾಮದವರಿಗೂ ಹೊಸದಲ್ಲ. ಆದಕಾರಣ ಪೂರ್ತಿ ಹಣವನ್ನೇ ಪಡೆಯುವ ಬದಲು, ಸ್ವಲ್ಪ ಭಾಗವನ್ನು ನಿವೇಶನಗಳ ರೂಪದಲ್ಲಿ ಉಳಿಸಿಕೊಂಡು ಬಾಡಿಗೆ ಬರುವಂತೆ ಮಾಡುವುದು ಉತ್ತಮ. ಸ್ವಲ್ಪ ಹಣದಿಂದ ಬೇರೆ ಕಡೆ ಸಾಗುವಳಿಯ ಜಮೀನನ್ನು ಕೊಂಡರೆ ವ್ಯವಸಾಯದ ಕಸಬೂ ಉಳಿಯುತ್ತದೆ. ನಿಯಮಗಳಿಗೆ ಒಳಪಟ್ಟು ಆದಾಯ ತೆರಿಗೆಯಲ್ಲಿ ವಿನಾಯಿತಿಯೂ ಉಂಟು.

ಎಲ್ಲ ಜಮೀನನ್ನೂ ಬಿಡಬೇಕಾದ ಅಗತ್ಯವೂ ಇಲ್ಲ. ನಗರಕ್ಕೆ ಮನೆ ಬೇಕಾದಂತೆಯೇ ಸೊಪ್ಪು, ತರಕಾರಿ, ಹೂವು, ಹಾಲು ಪ್ರತಿದಿನವೂ ಬೇಕು. ದೇವನಹಳ್ಳಿಯ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ ಇವುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ನೀರಾವರಿಯುಳ್ಳ, ಕೆರೆಯ ಕೆಳಗಿನ ಫಲವತ್ತಾದ ಜಮೀನನ್ನು ಸಾಗುವಳಿಗೆ ಉಳಿಸಿ, ಬಂಜರು, ಕಲ್ಲುಮರಡಿಯ ಎತ್ತರದ ಜಮೀನನ್ನು ಮನೆಗಳಿಗೆ ಬಿಡುವುದು ಬುದ್ಧಿವಂತಿಕೆ. ತಗ್ಗಿನ ಗದ್ದೆಯಲ್ಲಿ ಮನೆ ಕಟ್ಟಿ, ದಿಬ್ಬದಲ್ಲಿ ಬೆಳೆ ಇಡುವವನು ಎರಡನ್ನೂ ಕಳೆದುಕೊಳ್ಳುತ್ತಾನೆ.

ಸಾರಾಂಶ

೧. ಪಹಣಿ, ಪೋಡಿ, ವಿಭಾಗಪತ್ರಗಳನ್ನು ಬೆಲೆ ಬರುವ ಮುಂಚೆಯೇ ಸರಿಪಡಿಸಿಕೊಳ್ಳತಕ್ಕದ್ದು. ಹೆಣ್ಣುಮಕ್ಕಳ ಪಾಲನ್ನು ಮರೆಯಕೂಡದು.

೨. ಕೆರೆ, ಕಾಲುವೆ, ಗೋಮಾಳ, ತೋಪುಗಳಿಗೆ ಈಗಲೇ ಹದ್ದುಬಸ್ತು ಮಾಡಿಸತಕ್ಕದ್ದು. ಗ್ರಾಮಠಾಣದ ವಿಸ್ತರಣಕ್ಕೂ ಊರಿನವರ ಮನೆಗಳಿಗೂ ಜಾಗವನ್ನು ಮೊದಲೇ ಗೊತ್ತುಮಾಡತಕ್ಕದ್ದು.

೩. ಅಧಿಸೂಚನೆ ಬಂದರೆ ಅದು ಯಾವ ಕಾಯಿದೆಯದೆಂದು ವಿಚಾರಿಸಿ, ವಾಯಿದೆಯೊಳಗೆ ಒಟ್ಟಾಗಿ ತಕರಾರು ಸಲ್ಲಿಸತಕ್ಕದ್ದು.

೪. ಮಂಜೂರಾದ ನಕ್ಷೆಯಿಲ್ಲದೆ ಒಂದು ಗುಂಟೆಯನ್ನೂ ನಿವೇಶನವೆಂದು ಮಾರಕೂಡದು. ಹೊಂದಿಕೊಂಡ ಜಮೀನುಗಳವರು ಕೂಡಿ ಬಡಾವಣೆ ಮಾಡತಕ್ಕದ್ದು. ಅದರಲ್ಲಿ ಸಣ್ಣ ನಿವೇಶನಗಳೂ ಇರಲಿ.

೫. ನೀರು ಎಲ್ಲಿಂದ ಬರುವುದು, ಹೊಲಸು ನೀರು ಎಲ್ಲಿಗೆ ಹೋಗುವುದು ಎಂಬ ಎರಡು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಬಾರದೆ ಪಂಚಾಯಿತಿಯು ಯಾವ ಬಡಾವಣೆಗೂ ಒಪ್ಪಿಗೆ ಕೊಡಕೂಡದು.

೬. ಬಂದುದರಲ್ಲಿ ಒಂದು ಭಾಗ ನಿವೇಶನ, ಒಂದು ಭಾಗ ಸಾಗುವಳಿಯ ಜಮೀನು, ಒಂದು ಭಾಗ ಹಣವಾಗಿ ಇರಲಿ.

ಮಲ್ಲೇಶ್ವರ, ಬಸವನಗುಡಿಗಳಲ್ಲಿ ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಎಳೆದ ಬೀದಿಗಳಲ್ಲಿಯೇ ಇಂದಿಗೂ ಜನರು ನಡೆಯುತ್ತಿದ್ದಾರೆ. ಮನೆಗಳನ್ನು ಕೆಡವಿ ಮತ್ತೆ ಕಟ್ಟಬಹುದು. ಒಮ್ಮೆ ಎಳೆದ ಬೀದಿಯನ್ನು ಅಗಲಮಾಡುವುದು ಬಹು ಕಷ್ಟ. ನಮ್ಮ ಗ್ರಾಮಗಳ ಹೊಲಗಳಲ್ಲಿ ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಎಳೆಯಲ್ಪಡುವ ಗೆರೆಗಳೂ ಅಷ್ಟೇ ಕಾಲ ಇರತಕ್ಕವು. ಗೆರೆ ಎಳೆಯುವ ದಿವಸ ಗ್ರಾಮದ ಮುಖಂಡರು ಹೊಲದಲ್ಲಿ ಹಾಜರಿರಬೇಕೆಂಬುದೇ ಈ ಲೇಖನದ ಪ್ರಾರ್ಥನೆ.